ಮನೆಯಂಗಳದಲ್ಲಿ ಸ್ಟ್ರಾಂಗ್‌ಮ್ಯಾನ್ ಅಭ್ಯಾಸ: ಮೊದಲ ಸಲಕರಣೆಗಳಿಗೆ ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬೇಕು

ಕಲ್ಲು, ದಿಮ್ಮಿ, ಚೀಲಗಳಂಥ ಭಾರಗಳನ್ನು ಎತ್ತುವ, ಹೊತ್ತು ನಡೆಯುವ ಕ್ರೀಡೆಯಾದ ಸ್ಟ್ರಾಂಗ್‌ಮ್ಯಾನ್ ಅಭ್ಯಾಸವನ್ನು ಮನೆಯಲ್ಲೇ ಆರಂಭಿಸಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಕಬ್ಬಿಣದ ಬೆಲೆಯನ್ನು, ಮತ್ತು ಆ ಬೆಲೆಯನ್ನು ಕೇಳಿದ ಹಲವರು ಅಲ್ಲಿಗೇ ಆಸೆಯನ್ನು ಕೈಬಿಡುತ್ತಾರೆ. ಹಾಗೆ ಕೈಬಿಡಬೇಕಾದ ಅಗತ್ಯವಿಲ್ಲ. ಈ ಕ್ರೀಡೆಯಲ್ಲಿ ಭಾರಕ್ಕೆ ಹಣ ಕೊಡಬೇಕಾಗಿಲ್ಲ. ಮರಳು, ಜಲ್ಲಿ, ಕಲ್ಲು, ನೀರು ಇವೆಲ್ಲ ಕಾಸರಗೋಡಿನ ಯಾವ ಮೂಲೆಯಲ್ಲಿಯೂ ಕಡಿಮೆ ಖರ್ಚಿನಲ್ಲಿ ಸಿಗುತ್ತವೆ. ಹಣ ಕೊಡಬೇಕಾದದ್ದು ಆ ಭಾರವನ್ನು ಕೈಯಲ್ಲಿ ಹಿಡಿಯಲು, ಎದೆಗೆ ಅಪ್ಪಿಕೊಳ್ಳಲು, ಕೆಳಗೆ ಬಿಟ್ಟರೂ ಒಡೆಯದೆ ಉಳಿಯಲು ಬೇಕಾದ ಕೆಲಸಗಾರಿಕೆಗೆ, ಅಂದರೆ ಗಟ್ಟಿ ಹೊಲಿಗೆಗೆ, ಪೂರ್ತಿಯಾದ ವೆಲ್ಡಿಂಗಿಗೆ ಮತ್ತು ಸರಿಯಾದ ಅಳತೆಯ ಹಿಡಿಗೆ. ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೆಚ್ಚು ಖರ್ಚಿಲ್ಲದೆ ಮೊದಲ ಕೆಲವು ತಿಂಗಳಿಗೆ ಬೇಕಾದ ಎಲ್ಲವನ್ನೂ ಹೊಂದಿಸಿಕೊಳ್ಳಲು ಸಾಧ್ಯವಿದೆ.

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್ ಸ್ಪರ್ಧೆಯನ್ನು ಟಿ.ವಿ.ಯಲ್ಲಿ ನೋಡಿದವರಿಗೆ ದಿಮ್ಮಿ, ನೊಗ, ದೈತ್ಯಾಕಾರದ ಟಯರು, ಉರುಟು ಕಲ್ಲುಗಳೇ ಕಣ್ಣಮುಂದೆ ಬರುತ್ತವೆ. ಆದರೆ ಈ ಕ್ರೀಡೆಯ ಬೇರು ಇರುವುದು ಊರಿನಲ್ಲಿ ಕೈಗೆ ಸಿಕ್ಕಿದ ಭಾರವನ್ನು ಎತ್ತಿ ನೋಡುವ ಹಳೆಯ ರೂಢಿಯಲ್ಲಿ. ಸ್ಕಾಟ್ಲೆಂಡಿನಲ್ಲಿ 1860ರಲ್ಲಿ ಡೊನಾಲ್ಡ್ ಡಿನ್ನಿ ಎಂಬ ಬಲಶಾಲಿ ಹೊತ್ತು ನಡೆದನೆಂದು ಹೇಳುವ, ಎರಡೂ ಸೇರಿ ಸುಮಾರು 332 ಕೆ.ಜಿ. ತೂಗುವ ಜೋಡಿ ಕಲ್ಲುಗಳು, ಐಸ್‌ಲ್ಯಾಂಡಿನಲ್ಲಿ ಕುರಿದೊಡ್ಡಿಯ ಬಳಿ ಇರುವ 186 ಕೆ.ಜಿ.ಯ ಹೂಸಾಫೆಲ್ ಕಲ್ಲು, ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲು, ಇವು ಯಾವುವೂ ಅಂಗಡಿಯಿಂದ ಕೊಂಡು ತಂದವಲ್ಲ. ಆದ್ದರಿಂದ ಸ್ಪರ್ಧೆಯಲ್ಲಿ ಕಂಡ ಸಲಕರಣೆಯ ಹೆಸರನ್ನು ಬೆನ್ನಟ್ಟುವ ಬದಲು, ಆ ಸಲಕರಣೆ ದೇಹದಿಂದ ಯಾವ ಕೆಲಸವನ್ನು ಬೇಡುತ್ತದೆ ಎಂದು ನೋಡುವುದು ಒಳ್ಳೆಯದು. ಬಿಡಿಸಿ ನೋಡಿದರೆ ಕೆಲಸಗಳು ಮೂರೇ: ನೆಲದಿಂದ ಎತ್ತುವುದು, ಎತ್ತಿದ್ದನ್ನು ಹೊತ್ತು ನಡೆಯುವುದು, ತಲೆಯ ಮೇಲಕ್ಕೆ ಒತ್ತುವುದು. ಈ ಮೂರನ್ನೂ ಮಾಡಲು ಒಂದು ಹೊಯಿಗೆ ಚೀಲ (ಅಂದರೆ ಮರಳಿನ ಚೀಲ), ಒಂದು ಜೋಡಿ ಹೊರುವ ಹಿಡಿ, ಒಂದು ದಪ್ಪ ಕಂಬಿ ಸಾಕು.

ಏನನ್ನೂ ಕೊಳ್ಳುವ ಮುನ್ನ ಜಾಗವನ್ನು ನೋಡಿಕೊಳ್ಳಿ. ಹೊತ್ತು ನಡೆಯಲು ಹದಿನೈದರಿಂದ ಇಪ್ಪತ್ತು ಮೀಟರ್ ಉದ್ದದ ಸಮತಟ್ಟಾದ ದಾರಿ ಬೇಕು. ಅಡಿಕೆ ಒಣಗಿಸುವ ಅಂಗಳವಿರುವ ಮನೆಗಳಲ್ಲಿ ಇದಕ್ಕೆ ತೊಂದರೆಯಿಲ್ಲ. ಸಿಮೆಂಟ್ ಅಂಗಳದ ಮೇಲೆ ಹೊಯಿಗೆ ಚೀಲವನ್ನು ಬಿಡಬಹುದು, ಆದರೆ ಕಾಂಕ್ರೀಟಿನ ತೂಕವನ್ನೋ ಕಲ್ಲನ್ನೋ ಬಿಟ್ಟರೆ ಅಂಗಳ ಮತ್ತು ತೂಕ ಎರಡೂ ಬಿರುಕು ಬಿಡುತ್ತವೆ. ಅಂಥ ಕಡೆ ಹಳೆಯ ರಬ್ಬರ್ ಮ್ಯಾಟನ್ನೋ ಕೊಟ್ಟಿಗೆಗೆ ಹಾಸಿ ತೆಗೆದ ಮ್ಯಾಟನ್ನೋ ಎರಡು ಪದರವಾಗಿ ಹಾಸಿಕೊಳ್ಳಬೇಕು. ತೋಟದ ದಾರಿ, ಕೆಂಪುಕಲ್ಲಿನ ಮೆಟ್ಟಿಲು, ತೋಡಿಗೆ ಅಡ್ಡಲಾಗಿ ಹಾಕಿದ ಸಂಕ ಇವು ಭಾರ ಹೊತ್ತು ನಡೆಯುವ ಜಾಗಗಳಲ್ಲ. ಅಡಿಕೆ ತಲೆಹೊರೆಯಲ್ಲಿ ಹೊತ್ತು ಅಭ್ಯಾಸವಿರುವವರು ಇದನ್ನು ಅತಿ ಎಚ್ಚರಿಕೆ ಎಂದುಕೊಳ್ಳಬಹುದು. ಆದರೆ ತಲೆಯ ಮೇಲಿನ ಹೊರೆ ಕಾಲಿನ ದಾರಿಯನ್ನು ಮರೆಮಾಡುವುದಿಲ್ಲ, ಎದೆಗೆ ಅಪ್ಪಿಕೊಂಡ ಚೀಲ ಪೂರ್ತಿಯಾಗಿ ಮರೆಮಾಡುತ್ತದೆ.

ಮೊದಲ ಸಲಕರಣೆ: ಹೊಯಿಗೆ ಚೀಲ

ಒಂದೇ ಒಂದು ವಸ್ತುವಿಗೆ ಹಣವಿದೆ ಎನ್ನುವವರಿಗೆ ನಾನು ಹಿಂದುಮುಂದು ನೋಡದೆ ಹೇಳುವುದು ಹೊಯಿಗೆ ಚೀಲವನ್ನೇ. ಅದನ್ನು ನೆಲದಿಂದ ಎತ್ತಬಹುದು, ಅಪ್ಪಿಕೊಂಡು ನಡೆಯಬಹುದು, ಹೆಗಲಿಗೆ ಏರಿಸಬಹುದು, ಹಗುರವಾದದ್ದಾದರೆ ತಲೆಯ ಮೇಲಕ್ಕೂ ಒತ್ತಬಹುದು. ಹಿಡಿಯೆಂಬುದೇ ಇಲ್ಲದ, ಎತ್ತುವಾಗ ಒಳಗೊಳಗೇ ಜರುಗುವ ಈ ಭಾರ ಬೆನ್ನು, ತೊಡೆ, ಮುಂಗೈ ಮೂರನ್ನೂ ಒಟ್ಟಿಗೆ ದುಡಿಸುತ್ತದೆ. ಮುಂದೆ ಕಲ್ಲು ಎತ್ತುವ ದಿನ ಬಂದಾಗ ಬೇಕಾಗುವ ಚಲನೆಯೂ ಬಹುಪಾಲು ಇದೇ: ಕಾಲುಗಳ ನಡುವಿನಿಂದ ಎತ್ತಿ, ತೊಡೆಯ ಮೇಲಿಟ್ಟು, ಅಪ್ಪಿ ಹಿಡಿದು, ಸೊಂಟವನ್ನು ಮುಂದೂಡಿ ಎದ್ದು ನಿಲ್ಲುವುದು.

ಬರೀ ಗೋಣಿಚೀಲದಲ್ಲಿ ಮರಳು ತುಂಬಿ ಬಾಯಿ ಕಟ್ಟಿದರೆ ಆಗದೇ ಎಂಬ ಪ್ರಶ್ನೆ ಸಹಜ. ಅದು ಬಾಳುವುದಿಲ್ಲ. ಗೋಣಿಯ ನೇಯ್ಗೆಯ ಸಂದಿನಿಂದ ಮರಳು ಸೋರುತ್ತದೆ, ಹಿಡಿದು ಎಳೆದ ಕಡೆ ನೂಲು ಜರುಗುತ್ತದೆ, ಮಳೆಗಾಲದ ತೇವದಲ್ಲಿ ಬೇಗ ಕುಂಬಾಗುತ್ತದೆ. ಹೊರಗಿನ ಪದರಕ್ಕೆ ಲಾರಿಗೆ ಹೊದೆಸುವ ದಪ್ಪ ಕ್ಯಾನ್ವಾಸ್ ಟರ್ಪಾಲು ಒಳ್ಳೆಯದು. ಬದಿಯಡ್ಕ, ಕುಂಬಳೆ, ಉಪ್ಪಳದಂಥ ಪೇಟೆಗಳಲ್ಲಿ ರಿಕ್ಷಾ, ಜೀಪುಗಳ ಸೀಟು ಹೊಲಿಯುವ ಕುಶನ್ ಕೆಲಸದವರ ಬಳಿ ಇದನ್ನು ಹೊಲಿಯುವ ಯಂತ್ರವೂ ನೈಲಾನ್ ದಾರವೂ ಇರುತ್ತವೆ. ಬಟ್ಟೆ ಹೊಲಿಯುವ ದರ್ಜಿಯ ಯಂತ್ರದ ಸೂಜಿಗೆ ಇದು ಹೇಳಿದ ಕೆಲಸವಲ್ಲ.

50 ಕೆ.ಜಿ.ಯ ಚೀಲಕ್ಕೆ ಅಳತೆ ಹೀಗೆ ಕೊಡಿ. ಅಡಿಭಾಗಕ್ಕೆ 39 ಸೆಂ.ಮೀ. ಅಡ್ಡಳತೆಯ ಒಂದು ವೃತ್ತ, ಮೈಗೆ 114 ಸೆಂ.ಮೀ. ಅಗಲ ಮತ್ತು 77 ಸೆಂ.ಮೀ. ಎತ್ತರದ ಒಂದು ತುಂಡು. ಹೊಲಿದು ಸೇರಿಸುವ ಅಂಚುಗಳಲ್ಲಿ 2 ಸೆಂ.ಮೀ. ಹೊಲಿಗೆಗೆ ಹೋದ ಮೇಲೆ 35 ಸೆಂ.ಮೀ. ಅಡ್ಡಳತೆಯ, ಉದ್ದ ಕುತ್ತಿಗೆಯ ಚೀಲವೊಂದು ಉಳಿಯುತ್ತದೆ. ಇದರ ಕೆಳಗಿನ 45 ಸೆಂ.ಮೀ. ಮರಳಿಗೆ, ಮೇಲಿನ 30 ಸೆಂ.ಮೀ. ತಿರುಚಿ ಕಟ್ಟುವುದಕ್ಕೆ. ಆ 45 ಸೆಂ.ಮೀ.ಯಲ್ಲಿ ಸುಮಾರು 43 ಲೀಟರ್ ಜಾಗವಿರುತ್ತದೆ, ಒಣ ಮರಳು ಲೀಟರಿಗೆ ಸುಮಾರು 1.6 ಕೆ.ಜಿ. ತೂಗುವುದರಿಂದ 50 ಕೆ.ಜಿ.ಗೆ 31 ಲೀಟರ್ ಸಾಕು. ಉಳಿದ ಜಾಗ ಖಾಲಿ ಇರಬೇಕು. ಪೂರ್ತಿ ಬಿಗಿಯಾಗಿ ತುಂಬಿದ ಚೀಲ ನೆಲಕ್ಕೆ ಬಿದ್ದಾಗ ಹೊಲಿಗೆಯೇ ಬಿರಿಯುತ್ತದೆ. ಪ್ರತಿ ಹೊಲಿಗೆಯನ್ನೂ ಎರಡು ಸಾಲು ಹಾಕಬೇಕು, ಎರಡನೆಯ ಸಾಲಿಗೆ ಮುನ್ನ ಅಂಚನ್ನು ಮಡಿಸಬೇಕು ಎಂದು ಮೊದಲೇ ಸ್ಪಷ್ಟವಾಗಿ ಹೇಳಿ, ಆಮೇಲೆ ಚೀಲವನ್ನು ಒಳಹೊರಗು ಮಾಡಿ ಕೈಯಿಂದ ಎಳೆದು ನೋಡಿ ಹಣ ಕೊಡಿ. ವೃತ್ತಾಕಾರದ ಅಡಿಭಾಗ ಮೈಗೆ ಸೇರುವ ಸುತ್ತಿನಲ್ಲಿಯೇ ಹರಿಯುವುದು ಹೆಚ್ಚು. ಅಲ್ಲಿ ಮೂರನೆಯ ಸಾಲನ್ನು ಕೇಳಿ ಹಾಕಿಸಿಕೊಂಡರೆ ನಷ್ಟವಿಲ್ಲ.

ಕ್ಯಾನ್ವಾಸಿನೊಳಗೆ ಮರಳನ್ನು ನೇರವಾಗಿ ಸುರಿಯಬಾರದು. ಒಳಗೆ ತೊಳೆದು ಒಣಗಿಸಿದ ರಸಗೊಬ್ಬರದ ಪ್ಲಾಸ್ಟಿಕ್ ಚೀಲ, ಅದರ ಹೊರಗೆ ಇನ್ನೊಂದು ಅಂಥದ್ದೇ ಚೀಲ, ಆಮೇಲೆ ಕ್ಯಾನ್ವಾಸ್, ಹೀಗೆ ಮೂರು ಪದರವಿರಲಿ. ಇಲ್ಲಿ ಒಂದು ಉಪಾಯವಿದೆ. ಮರಳನ್ನು ಒಟ್ಟಿಗೆ ತುಂಬದೆ ತಲಾ 10 ಕೆ.ಜಿ.ಯ ಪೊಟ್ಟಣಗಳಾಗಿ ಕಟ್ಟಿ ಒಳಗಿಟ್ಟರೆ, 30 ಕೆ.ಜಿ.ಯಿಂದ ಶುರುಮಾಡಿ 60ರವರೆಗೆ ಒಂದೇ ಚೀಲದಲ್ಲಿ ಏರಿಸಿಕೊಂಡು ಹೋಗಬಹುದು. ಪೊಟ್ಟಣಗಳನ್ನು ಸಡಿಲವಾಗಿ ಕಟ್ಟಿದರೆ ಚೀಲದ ಜರುಗುವ ಗುಣವೂ ಹೆಚ್ಚು ಕೆಡುವುದಿಲ್ಲ.

ಮರಳಿನ ಮಾತು. ನದಿಯಿಂದ ಹೊಯಿಗೆ ತೆಗೆಯುವುದಕ್ಕೆ ಕೇರಳದಲ್ಲಿ 2001ರ ಕಾಯ್ದೆಯ ಕಟ್ಟುಪಾಡುಗಳಿವೆ, ಆದ್ದರಿಂದ ಚಂದ್ರಗಿರಿಯ ದಡಕ್ಕೋ ಶಿರಿಯದ ದಡಕ್ಕೋ ಗೋಣಿ ಹಿಡಿದು ಹೋಗುವ ಯೋಚನೆ ಬೇಡ. ಕಡಲತೀರದ ಮರಳೂ ಬೇಡ; ಅದರ ಉಪ್ಪು ಗಾಳಿಯ ತೇವವನ್ನು ಹೀರಿ ಚೀಲವನ್ನು ಸದಾ ಒದ್ದೆಯಾಗಿಡುತ್ತದೆ. ಕಟ್ಟಡದ ಸಾಮಗ್ರಿ ಮಾರುವಲ್ಲಿ ಸಿಗುವ ಎಂ ಸ್ಯಾಂಡ್ ಸಾಕು, ಹತ್ತಿರದಲ್ಲಿ ಮನೆ ಕಟ್ಟುವವರಿದ್ದರೆ ನಾಲ್ಕು ಬುಟ್ಟಿಯಷ್ಟನ್ನು ಅವರಿಂದಲೇ ಕೇಳಿ ಪಡೆಯಬಹುದು. ಆದರೆ ತಂದ ದಿನವೇ ತುಂಬಬೇಡಿ. ರಾಶಿಯಲ್ಲಿದ್ದ ಮರಳಿನಲ್ಲಿ ನೀರಿರುತ್ತದೆ. ಅದು ಒಳಗೇ ಉಳಿದರೆ ಚೀಲ ಬೂಸಲು ಹಿಡಿದು ವಾಸನೆ ಬರುತ್ತದೆ, ಒಣಗಿದರೆ ನೀವು ಬರೆದಿಟ್ಟ ತೂಕ ಸುಳ್ಳಾಗುತ್ತದೆ. ಅಡಿಕೆಯ ಹಾಗೆ ಅಂಗಳದಲ್ಲಿ ತೆಳುವಾಗಿ ಹರಡಿ, ದಿನಕ್ಕೆರಡು ಬಾರಿ ಕೈಯಾಡಿಸಿ ಎರಡು ಮೂರು ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಜರಡಿ ಹಿಡಿದು ನುಣುಪು ಹುಡಿಯನ್ನೂ ದೊಡ್ಡ ಚೂರುಗಳನ್ನೂ ಬೇರೆಮಾಡಿ ತುಂಬಿಸಿ. ಜರಡಿ ಹಿಡಿಯುವಾಗಲೂ ತುಂಬುವಾಗಲೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಏಕೆಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಈ ಮರಳಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಎಷ್ಟು ತೂಕದಿಂದ ಆರಂಭಿಸಬೇಕು? ಬೆನ್ನು ಬಾಗದೆ ನೆಲದಿಂದ ತೊಡೆಗೆ ತಂದು, ಅಪ್ಪಿಕೊಂಡು ಇಪ್ಪತ್ತು ಮೀಟರ್ ನಡೆದು, ಬಿಸಾಡದೆ ಇಳಿಸಲು ಆಗುವ ತೂಕವೇ ನಿಮ್ಮ ಆರಂಭ. ತೋಟದ ಕೆಲಸದ ಅಭ್ಯಾಸವಿರುವ ಗಂಡಸರಿಗೆ 40ರಿಂದ 50 ಕೆ.ಜಿ., ಹೆಂಗಸರಿಗೂ ಹರೆಯದ ಹುಡುಗರಿಗೂ 20ರಿಂದ 30 ಕೆ.ಜಿ. ಸರಿಹೋಗುತ್ತದೆ ಎಂದು ನನ್ನ ಅಂದಾಜು. ತೂಕ ನೋಡಲು ಹೊಸ ಯಂತ್ರ ಬೇಡ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಅದೇ ಆಯಿತು; ಇಲ್ಲವಾದರೆ ಮೈತೂಕದ ಯಂತ್ರದ ಮೇಲೆ ಚೀಲ ಹಿಡಿದು ನಿಂತು, ಬಂದ ಅಂಕಿಯಿಂದ ನಿಮ್ಮ ತೂಕವನ್ನು ಕಳೆಯಿರಿ. ತೂಕವನ್ನು ಚೀಲದ ಮೇಲೆ ಪೈಂಟಿನಲ್ಲಿ ಬರೆದಿಡಿ.

ಒಂದೇ ಪೈಪಿನಿಂದ ಕಂಬಿಯೂ ಹಿಡಿಗಳೂ

ಎರಡನೆಯ ಖರ್ಚು ಕಬ್ಬಿಣದ ಪೈಪಿಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂವರೆ ಇಂಚಿನದೆಂದು ಕರೆಯುವ ಪೈಪಿನ ಹೊರ ಅಡ್ಡಳತೆ 48.3 ಮಿ.ಮೀ. ಜಿಮ್ಮಿನಲ್ಲಿ ಬಳಸುವ ಒಲಿಂಪಿಕ್ ತೂಕದ ತಟ್ಟೆಗಳ ತೂತು 50 ಮಿ.ಮೀ.ಯ ಲೆಕ್ಕದ್ದು, ಹಾಗಾಗಿ ಈ ಪೈಪು ಅವುಗಳಿಗೆ ನೇರವಾಗಿ ಹೊಂದುತ್ತದೆ, ಮತ್ತು ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಗಳಲ್ಲಿ ಆಕ್ಸಲ್ ಎಂದು ಕರೆಯುವ ದಪ್ಪ ಕಂಬಿಯ ಅಳತೆಯೂ ಹೆಚ್ಚುಕಡಿಮೆ ಇದೇ. ಮಧ್ಯಮ ದಪ್ಪದ ಪೈಪು ಮೀಟರಿಗೆ ಸುಮಾರು ಮೂರೂವರೆ ಕೆ.ಜಿ. ಇರುತ್ತದೆ, ಹೆಚ್ಚು ದಪ್ಪದ್ದು ಸಿಕ್ಕರೆ ಇನ್ನೂ ಒಳ್ಳೆಯದು. ವೆಲ್ಡ್ ಮಾಡಬೇಕಾದ್ದರಿಂದ ಬಿಳಿಯ ಜಿ.ಐ. ಪೈಪಿನ ಬದಲು ಕಪ್ಪು ಪೈಪನ್ನೇ ಕೇಳಿ, ಜಿ.ಐ. ಪೈಪಿನ ಸತುವಿನ ಲೇಪನ ಬೆಸುಗೆಯ ಬಿಸಿಗೆ ಹೊಗೆಯಾಗುತ್ತದೆ, ಅದು ವೆಲ್ಡ್ ಮಾಡುವವನ ಆರೋಗ್ಯಕ್ಕೂ ಬೆಸುಗೆಯ ಗಟ್ಟಿತನಕ್ಕೂ ಹಾನಿ.

ಪೈಪು ಬರುವುದು 6 ಮೀಟರಿನ ಉದ್ದದಲ್ಲಿ. ಅದನ್ನು 2.1 ಮೀಟರಿನ ಒಂದು ತುಂಡು, 1.3 ಮೀಟರಿನ ಎರಡು ತುಂಡು ಎಂದು ಕತ್ತರಿಸಿದರೆ ಕಂಬಿಯೂ ಹೊರುವ ಹಿಡಿಗಳ ಜೋಡಿಯೂ ಆಗಿ, ಮತ್ತೂ 1.3 ಮೀಟರ್ ಉಳಿಯುತ್ತದೆ. ಉದ್ದನೆಯ ತುಂಡಿನಲ್ಲಿ ನಡುವೆ 1.3 ಮೀಟರ್ ಬಿಟ್ಟು ಎರಡೂ ಕಡೆ ತಟ್ಟೆಗಳು ಒಳಗೆ ಸರಿಯದಂತೆ ಒಂದೊಂದು ಬಳೆಯನ್ನು ವೆಲ್ಡ್ ಮಾಡಿಸಿ. ಹೊರಗಿನಿಂದ ತಟ್ಟೆಗಳನ್ನು ತಡೆಯಲು ಪಂಪಿನ ಹೋಸಿಗೆ ಬಿಗಿಯುವ ಎರಡು ಇಂಚಿನ ಸ್ಕ್ರೂ ಕ್ಲಿಪ್ ಸಾಕು, ತೋಟವಿರುವ ಮನೆಯಲ್ಲಿ ಅದು ಇದ್ದೇ ಇರುತ್ತದೆ.

ಹೊರುವ ಹಿಡಿಗಳಲ್ಲಿ, ಅಂದರೆ ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವ ಫಾರ್ಮರ್ಸ್ ವಾಕಿಗೆ ಬೇಕಾದ ಜೋಡಿಯಲ್ಲಿ, ಮುಖ್ಯವಾದದ್ದು ಕೈ ಹಿಡಿಯುವ ಭಾಗ. 1.3 ಮೀಟರಿನ ಪೈಪಿನ ಸರಿ ನಡುವೆ 15 ಸೆಂ.ಮೀ. ಅಂತರದಲ್ಲಿ ಎರಡು ಕಾಲುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಒಂದು ಇಂಚಿನ ಪೈಪಿನ ತುಂಡನ್ನು ಅಡ್ಡ ಹಾಕಿಸಿ. ಅದರ ಹೊರ ಅಡ್ಡಳತೆ 33.7 ಮಿ.ಮೀ., ಮುಷ್ಟಿ ತುಂಬಿ ಹಿಡಿಯಲು ಒಳ್ಳೆಯ ಗಾತ್ರ. ಕಾಲುಗಳ ಎತ್ತರ 20 ಸೆಂ.ಮೀ. ಇದ್ದರೆ, 40 ಸೆಂ.ಮೀ. ಅಡ್ಡಳತೆಯ ತಟ್ಟೆಗಳನ್ನು ಹಾಕಿ ನೆಲದಲ್ಲಿಟ್ಟಾಗ ಕೈಹಿಡಿ ನೆಲದಿಂದ 40 ಸೆಂ.ಮೀ. ಮೇಲಿರುತ್ತದೆ. ತಟ್ಟೆಗಳು ನಡೆಯುವಾಗ ಮೊಣಕಾಲಿಗೆ ತಾಗದಂತೆ ನಡುವೆ 60 ಸೆಂ.ಮೀ. ತೆರವಿರಲಿ. ಹಿಡಿ ಪೈಪಿನ ಸರಿ ನಡುವಿನಿಂದ ಒಂದೆರಡು ಸೆಂಟಿಮೀಟರ್ ಜರುಗಿದರೂ ಭಾರ ಮುಂದಕ್ಕೋ ಹಿಂದಕ್ಕೋ ವಾಲುತ್ತದೆ, ಆದ್ದರಿಂದ ಬೆಸುಗೆಗೆ ಮುನ್ನ ನೀವೇ ಟೇಪು ಹಿಡಿದು ಅಳೆಯಿರಿ. ಬೆಸುಗೆ ಸುತ್ತಲೂ ಪೂರ್ತಿಯಾಗಿರಬೇಕು. ಗೇಟು, ಗ್ರಿಲ್ ಮಾಡುವಲ್ಲಿ ಅವಸರಕ್ಕೆ ಎರಡು ಚುಕ್ಕಿ ಇಟ್ಟು ಕೊಡುವುದುಂಟು, ಅದನ್ನು ಒಪ್ಪಿಕೊಳ್ಳಬೇಡಿ. ಈ ಕೂಲಿಯಲ್ಲಿ ಚೌಕಾಸಿ ಮಾಡುವುದು ಸರಿಯಲ್ಲವೆಂದು ನನ್ನ ಗಟ್ಟಿ ಅಭಿಪ್ರಾಯ: ಇಡೀ ಪಟ್ಟಿಯಲ್ಲಿ ನಿಮ್ಮ ಕಾಲ್ಬೆರಳುಗಳನ್ನು ಕಾಯುವುದು ಈ ಬೆಸುಗೆಯೇ. ಮನೆಗೆ ತಂದ ಮೇಲೆ ಚೂಪು ಅಂಚುಗಳನ್ನು ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿಯಿರಿ. ಕೈ ಹಿಡಿಯುವಲ್ಲಿ ಮಾತ್ರ ಬಣ್ಣ ಬೇಡ, ಜಾರುತ್ತದೆ.

ವೆಲ್ಡಿಂಗಿಗೂ ಹಣ ಹೊಂದುವವರೆಗೆ ಹೊರುವ ಅಭ್ಯಾಸವನ್ನು ನಿಲ್ಲಿಸಬೇಕಾಗಿಲ್ಲ. ಗಟ್ಟಿ ಹಿಡಿಯಿರುವ 20 ಲೀಟರಿನ ಎರಡು ಕ್ಯಾನುಗಳಲ್ಲಿ ನೀರು ತುಂಬಿದರೆ ತಲಾ 20 ಕೆ.ಜಿ., ಒಣ ಮರಳು ತುಂಬಿದರೆ ತಲಾ 32 ಕೆ.ಜಿ. ಆಯಿತು. ಪೈಂಟಿನ ಬಕೆಟನ್ನು ಮಾತ್ರ ಬಳಸಬೇಡಿ. ಅದರ ತಂತಿಯ ಹಿಡಿ ಇಷ್ಟು ಭಾರಕ್ಕೆ ಮಾಡಿದ್ದಲ್ಲ.

ತಟ್ಟೆಗಳನ್ನು ಎರಕ ಹೊಯ್ಯುವುದು

ಕಬ್ಬಿಣದ ತಟ್ಟೆಗಳನ್ನು ಕೊಳ್ಳುವ ಶಕ್ತಿಯಿದ್ದರೆ ಅದೇ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಇಲ್ಲದವರು ಕಾಂಕ್ರೀಟಿನಲ್ಲಿ ಮಾಡಿಕೊಳ್ಳಬಹುದು. ಕಾಂಕ್ರೀಟ್ ಲೀಟರಿಗೆ ಸುಮಾರು 2.4 ಕೆ.ಜಿ. ತೂಗುತ್ತದೆ, 40 ಸೆಂ.ಮೀ. ಅಡ್ಡಳತೆ, 7 ಸೆಂ.ಮೀ. ದಪ್ಪದ ತಟ್ಟೆಯೊಂದು 21 ಕೆ.ಜಿ. ಆಗುತ್ತದೆ, 28 ಸೆಂ.ಮೀ. ಅಡ್ಡಳತೆಯದು ಅದೇ ದಪ್ಪದಲ್ಲಿ 10 ಕೆ.ಜಿ.ಯ ಹತ್ತಿರ. ಅಂಥ ಅಗಲದ ಪ್ಲಾಸ್ಟಿಕ್ ಬೇಸಿನ್ ಅಚ್ಚಾಗುತ್ತದೆ. ಒಳಗೆ ಎಣ್ಣೆ ಸವರಿ, ನಡುವೆ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ. ಈ ತುಂಡನ್ನು ಕೊಳ್ಳಲು ಹೋಗುವಾಗ ಕಬ್ಬಿಣದ ಪೈಪಿನ ಚೂರೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಆ ಚೂರು ಒಳಗೆ ಸರಾಗವಾಗಿ ಹೊಕ್ಕು ಹೆಚ್ಚು ಅಲುಗಾಡದಂಥ ಪ್ಲಾಸ್ಟಿಕ್ ಪೈಪನ್ನೇ ಆರಿಸಿ. ಅಂಗಡಿಯಲ್ಲಿ ಹೇಳುವ ಇಂಚಿನ ಲೆಕ್ಕ ಒಂದೊಂದು ಬಗೆಯ ಪೈಪಿಗೆ ಒಂದೊಂದು ತೆರನಾಗಿರುತ್ತದೆ.

ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಸಣ್ಣ ಜಲ್ಲಿ, ಕಲಸಲು ಸಾಲುವಷ್ಟೇ ನೀರು. ಆರು ದೊಡ್ಡ ತಟ್ಟೆಗಳಿಗೆ ಅರ್ಧ ಮೂಟೆ ಸಿಮೆಂಟ್ ಸಾಕಾಗುತ್ತದೆ. ಅಚ್ಚು ಅರ್ಧ ತುಂಬಿದಾಗ 6 ಮಿ.ಮೀ. ಕಂಬಿಯನ್ನು ಬಳೆಯಂತೆ ಬಗ್ಗಿಸಿ ನಡುವೆ ಇಟ್ಟು ಉಳಿದದ್ದನ್ನು ತುಂಬಿ, ಗಾಳಿ ಹೊರಬರುವಂತೆ ಅಚ್ಚನ್ನು ತಟ್ಟಿ. ಕಂಬಿಯಿಲ್ಲದ ತಟ್ಟೆ ಮೊದಲ ಬಾರಿ ಜೋರಾಗಿ ನೆಲಕ್ಕೆ ತಾಗಿದಾಗಲೇ ಎರಡಾಗುವ ಸಂಭವವಿದೆ. ಮರುದಿನ ಅಚ್ಚಿನಿಂದ ಬಿಡಿಸಿ ಕನಿಷ್ಠ ಒಂದು ವಾರ ಒದ್ದೆ ಗೋಣಿ ಹೊದೆಸಿಡಬೇಕು. ಕಾಂಕ್ರೀಟಿನ ಬಲವನ್ನು 28 ದಿನಗಳ ಲೆಕ್ಕದಲ್ಲಿ ನೋಡುತ್ತಾರೆ, ಅಲ್ಲಿಯವರೆಗೆ ತಟ್ಟೆಗಳನ್ನು ಮುಟ್ಟದಿರುವುದೇ ಒಳ್ಳೆಯದು. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಕೈಗವಸು ಬೇಕು.

ಈ ತಟ್ಟೆಗಳನ್ನು ಹಾಕಿದ ಕಂಬಿ ನೆಲದಿಂದ 20 ಸೆಂ.ಮೀ. ಎತ್ತರದಲ್ಲಿರುತ್ತದೆ. 45 ಸೆಂ.ಮೀ. ಅಡ್ಡಳತೆಯ ಜಿಮ್ ತಟ್ಟೆಗಳಲ್ಲಿ ಅದು 22.5 ಸೆಂ.ಮೀ. ಆದ್ದರಿಂದ ತಟ್ಟೆಗಳ ಕೆಳಗೆ ಒಂದು ಇಂಚಿನ ಹಲಗೆಯಿಟ್ಟು ಎತ್ತಿದರೆ ವ್ಯತ್ಯಾಸ ಸರಿಹೋಗುತ್ತದೆ. ನಾಲ್ಕು ದೊಡ್ಡ ತಟ್ಟೆ ಹಾಕಿದರೆ ಕಂಬಿಯೂ ಸೇರಿ 90 ಕೆ.ಜಿ. ದಾಟುತ್ತದೆ; ಅವೇ ನಾಲ್ಕನ್ನು ಹೊರುವ ಹಿಡಿಗಳಿಗೆ ವರ್ಗಾಯಿಸಿದರೆ ಕೈಯೊಂದಕ್ಕೆ 47 ಕೆ.ಜಿ.ಯ ಹತ್ತಿರ ಬರುತ್ತದೆ. ತಲೆಯ ಮೇಲಕ್ಕೆ ಒತ್ತಲು ಮಾತ್ರ ತೂಕವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕಾಗುವುದರಿಂದ, 50 ಮಿ.ಮೀ. ತೂತಿನ ಎರಡೂವರೆ ಕೆ.ಜಿ. ಮತ್ತು 5 ಕೆ.ಜಿ.ಯ ಒಂದೊಂದು ಜೋಡಿ ಕಬ್ಬಿಣದ ತಟ್ಟೆಗಳನ್ನು ಕೊಂಡುಕೊಳ್ಳಿ. ಕಾಂಕ್ರೀಟ್ ತಟ್ಟೆ ಹಾಕಿದ ಕಂಬಿಯನ್ನು ತಲೆಯ ಮೇಲಿಂದ ಎಂದೂ ಬಿಡಬಾರದು.

ಕಲ್ಲು, ದಿಮ್ಮಿ, ಟಯರು

ಕಲ್ಲಿನ ಆಕರ್ಷಣೆ ದೊಡ್ಡದು. ನಮ್ಮಲ್ಲಿ ಧಾರಾಳವಾಗಿರುವ ಕೆಂಪುಕಲ್ಲು ಎತ್ತುವುದಕ್ಕೆ ಹೇಳಿದ್ದಲ್ಲ. ಅದರ ಮೈ ಮುಂಗೈಯನ್ನು ತರಚುತ್ತದೆ, ಮೂಲೆಗಳು ಉದುರುತ್ತವೆ. ಚೀಲವನ್ನು ಎತ್ತಿಡುವ ಕಟ್ಟೆಗೆ ಮಾತ್ರ ಅದು ಬಹಳ ಒಳ್ಳೆಯದು: ಅಲುಗಾಡದಂತೆ ಹೆಣೆದು ಒಂದು ಮೀಟರ್ ಎತ್ತರಕ್ಕೆ ಜೋಡಿಸಿ ಮೇಲೊಂದು ಹಲಗೆ ಹಾಕಿದರೆ ಖರ್ಚಿಲ್ಲದೆ ಆ ಸಲಕರಣೆ ಸಿದ್ಧ. ಎತ್ತಲು ಬೇಕಾದದ್ದು ಕರಿಕಲ್ಲು. ಹಳೆಯ ಮನೆಗಳ ಹಿತ್ತಿಲಿನಲ್ಲಿ ಮಿಕ್ಸಿ ಬಂದ ಮೇಲೆ ಮಗುಚಿ ಹಾಕಿದ ಕಡೆಯುವ ಕಲ್ಲು ಇದ್ದರೆ ಅದನ್ನೊಮ್ಮೆ ನೋಡಿ. ಅಂಚುಗಳು ಉರುಟಾಗಿದ್ದು, ಹಾವಸೆ ಕೆರೆದು ತೊಳೆದ ಮೇಲೆ ಎಲ್ಲಿಯೂ ಸೀಳು ಕಾಣದಿದ್ದರೆ, ಮನೆಯ ಹಿರಿಯರ ಒಪ್ಪಿಗೆ ಕೇಳಿ ಬಳಸಬಹುದು. ಆದರೆ ತೂಗದೆ ಎತ್ತಬೇಡಿ. ಕಲ್ಲಿನ ತೂಕ ಕಣ್ಣಿನ ಅಂದಾಜಿಗೆ ಸಿಗುವುದಿಲ್ಲ. ಸ್ಪರ್ಧೆಯ ಉರುಟು ಕಲ್ಲಿನ ಅಚ್ಚಿಗೆ ಈಗಲೇ ಹಣ ಹಾಕಬೇಕಾಗಿಲ್ಲ. ಕಾಂಕ್ರೀಟಿನ ಗುಂಡು 30 ಸೆಂ.ಮೀ. ಅಡ್ಡಳತೆಯದಾದರೆ 34 ಕೆ.ಜಿ., 35ರದು 54, 40ರದು 80 ಕೆ.ಜಿ. ಆಗುತ್ತದೆ; ಅಂದರೆ ಪ್ರತಿ ತೂಕಕ್ಕೂ ಬೇರೆ ಅಚ್ಚು, ಬೇರೆ ಗುಂಡು ಬೇಕು. ಏರಿಸಲೂ ಇಳಿಸಲೂ ಬಾರದ ಭಾರಕ್ಕೆ ಮೊದಲ ಹಣವನ್ನು ಹಾಕುವುದು ಜಾಣತನವಲ್ಲ.

ತಲೆಯ ಮೇಲಕ್ಕೆ ಒತ್ತುವ ದಿಮ್ಮಿಯನ್ನು ಮರದಲ್ಲೇ ಮಾಡಿಕೊಳ್ಳಬಹುದೆಂದು ತೆಂಗಿನ ಮರದ ಕಡೆ ನೋಡುವವರಿದ್ದಾರೆ. ತೆಂಗಿನ ಕಾಂಡ ಹೊರಗೆ ಗಟ್ಟಿ, ನಡುವೆ ಮೆದು. ಕೈಹಿಡಿಗಾಗಿ ಒಳಗೆ ಕೊರೆದಾಗ ಹಿಡಿ ಊರುವುದು ಆ ಮೆದು ಭಾಗದಲ್ಲಿಯೇ, ಹಾಗಾಗಿ ಕ್ರಮೇಣ ಸಡಿಲವಾಗುತ್ತದೆ. ಹಲಸಿನ ದಿಮ್ಮಿ ಗಟ್ಟಿಯಾದದ್ದು, ಆದರೆ ಅದಕ್ಕೆ ಮರದ ಬೆಲೆಯೂ ಬಡಗಿಯ ಕೂಲಿಯೂ ಬೀಳುತ್ತವೆ. ಒಂದು ವರ್ಷ ದಪ್ಪ ಕಂಬಿಯಲ್ಲಿ ಒತ್ತುವ ಅಭ್ಯಾಸವಾದ ಮೇಲೆ ಯೋಚಿಸಿದರೆ ಸಾಕು. ಹೆಗಲ ಮೇಲೆ ಹೊರುವ ನೊಗದ ಚೌಕಟ್ಟಿಗೂ ಇದೇ ಮಾತು.

ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿಯುದ್ದಕ್ಕೂ ಟಯರು ಅಂಗಡಿಗಳಿವೆ, ಸವೆದ ಲಾರಿ ಟಯರು ಕೇಳಿದರೆ ಸಿಗುತ್ತದೆ. ಅದು ಮಗುಚಲು ಹಗುರ, ಹಗ್ಗ ಕಟ್ಟಿ ಎಳೆಯಲು ಹೇಳಿಮಾಡಿಸಿದ್ದು. ಒಳಗೆ ಹೊಯಿಗೆ ಚೀಲವನ್ನಿಟ್ಟರೆ ಭಾರವೂ ಏರುತ್ತದೆ. ಮಗುಚುವ ದೊಡ್ಡ ಟಯರಿನ ಗೊಡವೆಗೆ ಆರಂಭದಲ್ಲಿ ಹೋಗದಿರುವುದೇ ಕ್ಷೇಮ, ಏಕೆಂದರೆ ಮೊಣಕೈ ಬಗ್ಗಿಸಿ ಕೈಬಲದಿಂದ ಎತ್ತಲು ಹೋದವರ ತೋಳಿನ ಸ್ನಾಯು ಹರಿದುಹೋಗುವ ಅಪಾಯ ಅದರಲ್ಲಿ ಹೆಚ್ಚು. ಟಯರನ್ನು ಮನೆಗೆ ತಂದ ದಿನವೇ ಅದರ ಎರಡೂ ಬದಿಗಳಲ್ಲಿ ನಾಲ್ಕೈದು ತೂತು ಕೊರೆಸಿ. ಟಯರಿನಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಮೆಚ್ಚಿನ ಜಾಗ, ಮತ್ತು ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡುವ ಹಾಗಿಲ್ಲ.

ಸಣ್ಣ ಖರ್ಚುಗಳು, ಸಿದ್ಧ ವಸ್ತುಗಳು

ಕೈಗೆ ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಚಾಕ್ ಮೊದಲ ದಿನದಿಂದಲೇ ಬೇಕು. ಕರಾವಳಿಯ ಸೆಕೆಯಲ್ಲಿ ಬೆವರಿದ ಕೈಗೆ ದಪ್ಪ ಕಂಬಿ ನಿಲ್ಲುವುದಿಲ್ಲ. ಪಾದರಕ್ಷೆ ಚಪ್ಪಟೆ ತಳದ ಕ್ಯಾನ್ವಾಸ್ ಶೂ ಆದರೆ ಸಾಕು, ಹವಾಯಿ ಚಪ್ಪಲಿಯಲ್ಲಿ ಭಾರ ಎತ್ತಬಾರದು. ಸೊಂಟದ ಚರ್ಮದ ಪಟ್ಟಿಯನ್ನು ಮೂರು ನಾಲ್ಕು ತಿಂಗಳ ನಂತರ ಕೊಂಡರಾಯಿತು. ಮೊಣಕಾಲಿನ ಕವಚ, ಮಣಿಕಟ್ಟಿನ ಪಟ್ಟಿ ಇವೆಲ್ಲ ಆಮೇಲೆ.

ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುವ ಹೋಮ್ ಜಿಮ್ ಸೆಟ್ಟುಗಳನ್ನು ನಾನು ಶಿಫಾರಸು ಮಾಡಲಾರೆ. ಅವುಗಳ ತಟ್ಟೆಗಳು ಹೆಚ್ಚಾಗಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದವು, ತೂತು 30 ಮಿ.ಮೀ.ಯ ಆಸುಪಾಸಿನದು, ಮುಂದೆ ಕೊಳ್ಳುವ ಯಾವ ಒಳ್ಳೆಯ ಕಂಬಿಗೂ ಅವು ಹೊಂದುವುದಿಲ್ಲ. ಮೊದಲ ದಿನವೇ 50 ಮಿ.ಮೀ. ತೂತಿನ ದಾರಿ ಹಿಡಿದರೆ ಮುಂದೆ ಸೇರಿಸುವ ಪ್ರತಿ ತಟ್ಟೆಯೂ ಎಲ್ಲ ಸಲಕರಣೆಗಳಿಗೂ ಬರುತ್ತದೆ. ಹಳೆಯ ತಟ್ಟೆಗಳು ಗುಜರಿ ಅಂಗಡಿಯಲ್ಲೋ ಮುಚ್ಚಿದ ಜಿಮ್ಮಿನವರ ಬಳಿಯೋ ಸಿಕ್ಕರೆ ತುಕ್ಕಿಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ತೂತಿನ ಸುತ್ತ ಸೀಳಿದೆಯೇ ಎಂದು ನೋಡಿ, ಅಲ್ಲಿಯೇ ತೂಗಿಸಿ. ತಟ್ಟೆಯ ಮೇಲೆ ಬರೆದ ಅಂಕಿಗೂ ನಿಜವಾದ ತೂಕಕ್ಕೂ ವ್ಯತ್ಯಾಸವಿರುವುದು ಸಾಮಾನ್ಯ. ಮುರಿದು ವೆಲ್ಡ್ ಮಾಡಿದ ಹಳೆಯ ಕಂಬಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಕೊಳ್ಳಬೇಕಾಗಿಲ್ಲ. ಮೊದಲ ತಿಂಗಳು ಚೀಲ, ಚಾಕ್ ಮತ್ತು ಕ್ಯಾನುಗಳಿಂದ ನಡೆಯಲಿ. ಅದೇ ತಿಂಗಳಲ್ಲಿ ಎರಕ ಹೊಯ್ದಿಟ್ಟ ತಟ್ಟೆಗಳು ಎರಡನೆಯ ತಿಂಗಳು ಪೈಪಿನ ಕೆಲಸ ಮುಗಿಯುವಷ್ಟರಲ್ಲಿ ಗಟ್ಟಿಯಾಗಿ ಸಿದ್ಧವಾಗಿರುತ್ತವೆ. ಹರ್ನಿಯಾ, ರಕ್ತದೊತ್ತಡ, ಹಳೆಯ ಬೆನ್ನುನೋವು ಇರುವವರು ಮೊದಲು ವೈದ್ಯರನ್ನು ಕಂಡು, ಅವರು ಒಪ್ಪಿದ ಮೇಲೆಯೇ ಈ ಖರ್ಚಿಗೆ ಇಳಿಯಬೇಕು.

ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಮಳೆಗೆ ಸಲಕರಣೆಗಳನ್ನು ಮೊದಲೇ ಅಣಿಗೊಳಿಸಬೇಕು. ಪೈಪುಗಳನ್ನು ನೆಲದಲ್ಲಿಡದೆ ಕೊಟ್ಟಿಗೆಯ ಗೋಡೆಗೆ ಎರಡು ಮೊಳೆ ಹೊಡೆದು ಅದರ ಮೇಲಿಡಿ, ಬಣ್ಣವಿಲ್ಲದ ಹಿಡಿಗಳಿಗೆ ವಾರಕ್ಕೊಮ್ಮೆ ತೆಳುವಾಗಿ ಎಣ್ಣೆ ಸವರಿ, ಬಳಸುವ ಮುನ್ನ ಒಣ ಬಟ್ಟೆಯಿಂದ ಒರಸಿ ಚಾಕ್ ಹಚ್ಚಿ. ಚೀಲವನ್ನು ಹಲಗೆಯ ಮೇಲಿಡಿ, ತಿಂಗಳಿಗೊಮ್ಮೆ ಕುತ್ತಿಗೆ ಬಿಚ್ಚಿ ಒಳಗೆ ತೇವ ಇಳಿದಿದೆಯೇ ಎಂದು ಕೈಹಾಕಿ ನೋಡಿ. ಅಂಗಳದಲ್ಲಿ ಹಾವಸೆ ಕಟ್ಟಿದರೆ ಹೊತ್ತು ನಡೆಯುವುದನ್ನು ಅಷ್ಟು ಕಾಲ ನಿಲ್ಲಿಸಿ, ಮಾಡಿನ ಕೆಳಗೆ ನಿಂತಲ್ಲೇ ಎತ್ತುವ, ಒತ್ತುವ ಅಭ್ಯಾಸಗಳನ್ನು ಮುಂದುವರಿಸಿ. ಅಂಗಳವನ್ನು ಉಜ್ಜಿ ತೊಳೆದು ಎರಡು ದಿನ ಬಿಸಿಲು ಬಿದ್ದ ಮೇಲೆ, ಮೊದಲು ಬರಿಗೈಯಲ್ಲಿ ಆ ಇಪ್ಪತ್ತು ಮೀಟರನ್ನು ನಡೆದು ನೋಡಿ, ಎಲ್ಲಿಯೂ ಜಾರದಿದ್ದರೆ ಚೀಲವನ್ನು ಎತ್ತಿಕೊಳ್ಳಿ.